ಪರಮಶಿವಯ್ಯನವರೂ ಹದಿನೇಳು ಮಾಸ್ಕುಗಳೂ

ನರಸಿಂಹರಾಜಪುರದ ನಿವೃತ್ತ ಡ್ರಿಲ್ ಮೇಷ್ಟ್ರು ಪರಮಶಿವಯ್ಯನವರಿಗೆ ಕೊರೊನಾದ ಮೇಲೆ ಅಂಥ ಸಿಟ್ಟೇನೂ ಇರಲಿಲ್ಲ. ಅದು ಬಂತು, ಹೋಯಿತು, ಕೊಡೆ ಮರೆತು ಹೋದ ನೆಂಟರ ಹಾಗೆ ಇನ್ನೊಮ್ಮೆ ಬಂದು ಹೋಯಿತು. ಅವರ ಸಿಟ್ಟೆಲ್ಲ ಅದು ಹೆಂಗಸರ ಮುಖದ ಮೇಲೆ ಬಿಟ್ಟುಹೋದ ಗೇಣುದ್ದದ ಬಟ್ಟೆಯ ಮೇಲೆ.

ರೋಗಕ್ಕೆ ಹಾಕಿದರೆ ಹಾಕಲಿ, ಯಾರು ಬೇಡ ಅಂದರು? ಆದರೆ ಎರಡನೇ ಅಲೆ ಇಳಿದು, ದಂಡ ಹಾಕುವವರಿಗೇ ಬೇಜಾರು ಬಂದು, ಊರಿನ ಗಂಡಸರೆಲ್ಲ ಮಾಸ್ಕನ್ನು ಗದ್ದಕ್ಕೋ ಜೇಬಿಗೋ ಇಳಿಸಿದ ಮೇಲೂ ಅವರ ಧರ್ಮಪತ್ನಿ ನೀಲಾಂಬಿಕೆ ಬಿಡಲಿಲ್ಲ. ಬಿಡುವುದಿರಲಿ, ಸೀರೆಗೊಂದು ಮಾಸ್ಕು ಎಂಬ ಹೊಸ ವ್ರತವನ್ನೇ ಹಿಡಿದುಬಿಟ್ಟಳು.

ಇದಕ್ಕೆಲ್ಲ ಮೂಲಪುರುಷಳು ಮಗಳು ದೀಕ್ಷಾ. ಕೊಪ್ಪಕ್ಕೆ ಕೊಟ್ಟಿದ್ದ ಈ ಮಗಳು ಅಲ್ಲಿ ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದಳು. ಮದುವೆ ಮುಂಜಿಗಳೆಲ್ಲ ನಿಂತು ಮಿಷನ್ ಸುಮ್ಮನೆ ಕೂತಾಗ ಆಕೆಯ ಕಣ್ಣು ತಾಯಿಯ ಟ್ರಂಕಿನ ಮೇಲೆ ಬಿತ್ತು. ಅದರ ತುಂಬ ಬ್ಲೌಸ್ ಪೀಸುಗಳು. ಅರಿಶಿನ ಕುಂಕುಮದ ಜೊತೆ ಕೈಗೆ ಬರುವ ಬ್ಲೌಸ್ ಪೀಸು ಯಾವತ್ತಾದರೂ ಬ್ಲೌಸ್ ಆದದ್ದುಂಟೇ? ಈ ಮನೆಯಿಂದ ಆ ಮನೆಗೆ, ಅಲ್ಲಿಂದ ಇನ್ನೊಂದು ಮನೆಗೆ ಹೋಗಿ, ಮಡಿಕೆ ಬಿಚ್ಚದೆ, ಕಡೆಗೆ ಕೊಟ್ಟವರ ಕೈಗೇ ವಾಪಸ್ಸು ಬರುವುದು ಅದರ ಹಣೆಬರಹ. ದೀಕ್ಷಾ ಆ ಹಣೆಬರಹಕ್ಕೆ ಕತ್ತರಿ ಹಾಕಿದಳು. ವಾರಕ್ಕೊಮ್ಮೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಪೊಟ್ಟಣ ಬರುತ್ತಿತ್ತು. ಹಸಿರು ಸೀರೆಗೆ ಹಸಿರು, ಬದನೆ ಬಣ್ಣಕ್ಕೆ ಬದನೆ ಬಣ್ಣ, ಜರಿ ಅಂಚಿಗೆ ಜರಿ ಅಂಚು. ಒಟ್ಟು ಹದಿನೇಳು. (ಪರಮಶಿವಯ್ಯನವರ ಬನಿಯನ್ನುಗಳ ಸಂಖ್ಯೆ ಮೂರು. ಹಗ್ಗದ ಮೇಲೆ ಅವಕ್ಕೆ ಜಾಗ ಸಿಗುತ್ತಿರಲಿಲ್ಲ.)

ಒಮ್ಮೆ ದೀಕ್ಷಾ ತವರಿಗೆ ಬಂದು, ಕಾಫಿ ಕುಡಿಯಲೆಂದು ತನ್ನ ಮಾಸ್ಕು ಇಳಿಸಿದಾಗ ಮೇಷ್ಟ್ರು ಅವಕಾಶ ಬಿಡಲಿಲ್ಲ.

"ಎಂತ ಹುಚ್ಚು ಹಿಡಿಸಿದ್ದೀಯೇ ನಿನ್ನ ಅಮ್ಮಂಗೆ?"

"ಹುಚ್ಚೆಂತದ್ದಪ್ಪ? ಕಣ್ಣು ಎಷ್ಟು ಚೆಂದ ಕಾಣ್ತದೆ ನೋಡು ಅಮ್ಮಂದು."

"ಕಣ್ಣು ಸರಿ. ಮೂಗೆಲ್ಲಿ ಹೋಯ್ತು?"

"ಮೂಗುತಿ ಕಾಣಲ್ಲ ಅಂತ ಅಮ್ಮನೂ ಬೇಜಾರು ಮಾಡಿದ್ಲು. ಅದಕ್ಕೇ ನೋಡು, ಮಾಸ್ಕಿನ ಮೇಲೇ ಒಂದು ಹರಳು ಹೊಲಿದಿದ್ದೀನಿ."

"ಇನ್ನು ಹಲ್ಲನ್ನೂ ಹೊಲಿ. ಒಂದು ಕೆಲಸ ಮುಗೀತದೆ."

ಮೇಷ್ಟ್ರ ಸಿಟ್ಟಿಗೆ ನಿಜವಾದ ಕಾರಣ ಬೇರೆ ಇತ್ತು. ಅದೊಂದು ಗುಟ್ಟು. ನೀವು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲವೆಂದರೆ ಹೇಳುತ್ತೇನೆ. ಪರಮಶಿವಯ್ಯನವರಿಗೆ ಕಿವಿ ಕೇಳುತ್ತಿರಲಿಲ್ಲ. ಮೂವತ್ತೆರಡು ವರ್ಷ ಆಟದ ಮೈದಾನದಲ್ಲಿ ಊದಿದ ಸೀಟಿ ಮಕ್ಕಳ ಕಿವಿಗೆ ಏನು ಮಾಡಿತೋ ಗೊತ್ತಿಲ್ಲ, ಊದಿದವರ ಕಿವಿಯನ್ನಂತೂ ತಿಂದುಹಾಕಿತ್ತು. ಬಸ್ಸಿನ ಹಾರನ್ನು ಕೇಳುತ್ತಿತ್ತು, ಗುಡುಗು ಕೇಳುತ್ತಿತ್ತು. ಮನುಷ್ಯರ ಮಾತು ಮಾತ್ರ ಗುಂಯ್ ಎಂದು ಬಂದು ಹೋಗುತ್ತಿತ್ತು. ಆರು ವರ್ಷದಿಂದ ಅವರು ಮಾತನ್ನು ತುಟಿಯ ಮೇಲೆ ನೋಡಿ ತಿಳಿದುಕೊಳ್ಳುತ್ತಿದ್ದರು. ಫೋನು ಬಂದರೆ "ಇಲ್ಲಿ ಸಿಗ್ನಲ್ಲೇ ಇಲ್ಲ, ಸಾಯ್ಲಿ" ಎಂದು ಹೆಂಡತಿಯ ಕೈಗೆ ಕೊಟ್ಟುಬಿಡುತ್ತಿದ್ದರು.

ಹೇಳಿಕೊಂಡರೆ ಗಂಟೇನು ಹೋಗುತ್ತಿತ್ತು ಎನ್ನಬೇಡಿ. "ಕಿವಿ ಕೇಳಲ್ವೇನೋ, ಕಿವುಡ ಮುಂಡೇದೇ!" ಎಂದು ಅವರು ಬೈಯದ ಹುಡುಗನಿಲ್ಲ. ಆ ಹುಡುಗರೆಲ್ಲ ಈಗ ಮೀಸೆ ಹೊತ್ತು ಊರಿನ ಒಂದೊಂದು ಅಂಗಡಿಯಲ್ಲೂ ಕೂತಿದ್ದಾರೆ. ಅವರ ಎದುರು ಕಿವಿಗೆ ಮಿಷನ್ ಸಿಕ್ಕಿಸಿಕೊಂಡು ಹೋಗುವುದಕ್ಕಿಂತ ಮನೆಯಲ್ಲೇ ಕೂತು ಸಾಯುವುದು ಲೇಸು ಎಂದು ಮೇಷ್ಟ್ರು ತೀರ್ಮಾನಿಸಿದ್ದರು.

ಹೀಗಿರುವಾಗ ಮನೆಯಲ್ಲಿ ಇದ್ದ ಒಂದೇ ಒಂದು ಬಾಯಿಯೂ ಬಟ್ಟೆಯ ಹಿಂದೆ ಹೋದರೆ? ನೀಲಾಂಬಿಕೆ ಅಡುಗೆ ಮಾಡುವಾಗ ಮಾಸ್ಕನ್ನು ಗದ್ದಕ್ಕೆ ಇಳಿಸುತ್ತಿದ್ದಳು, ಮಾತಾಡುವಾಗ ಬಾಯಿಗೆ ಏರಿಸುತ್ತಿದ್ದಳು. ಇದಕ್ಕಿಂತ ದ್ರೋಹ ಇನ್ನೊಂದುಂಟೇ? "ಮನೆಯೊಳಗೆ ಎಂತಕ್ಕೆ ಮಾರಾಯ್ತಿ ಅದು?" ಎಂದು ಕೇಳಿದರೆ ಬಟ್ಟೆ ನಾಲ್ಕು ಸಲ ಮೇಲೆ ಕೆಳಗೆ ಆಡುತ್ತಿತ್ತು. ಅದೇ ಉತ್ತರ.

ಮೇಷ್ಟ್ರು ಉಪಾಯ ಕಂಡುಕೊಂಡರು. ಮೂರೇ ಮೂರು ಜವಾಬು. ಹೆಂಡತಿಯ ಹುಬ್ಬು ಮೇಲಿದ್ದರೆ "ಹ್ಞೂಂ." ಹುಬ್ಬು ಗಂಟಿಕ್ಕಿದ್ದರೆ "ನೋಡುವ." ಎರಡೂ ಅಲ್ಲದಿದ್ದರೆ "ಒಳ್ಳೇದಾಯ್ತು ಬಿಡು." ಈ ಮೂರರಲ್ಲಿ ಸಂಸಾರ ಎಷ್ಟು ಸಲೀಸಾಗಿ ಸಾಗುತ್ತದೆಂದರೆ, ಮೊದಲೇ ತಿಳಿದಿದ್ದರೆ ಮದುವೆಯಾದ ದಿನದಿಂದಲೇ ಶುರು ಮಾಡುತ್ತಿದ್ದರು.

ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ ಅವರು ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದಾಗ ನೀಲಾಂಬಿಕೆ ಒಳಗಿನಿಂದ ದಡಬಡ ಬಂದಳು. ಮುಖಕ್ಕೆ ಒಂದು ಮಾಸ್ಕು, ಕೈಯಲ್ಲಿ ಇನ್ನೆರಡು. ಒಂದು ಬಿಳಿಯದು, ಇನ್ನೊಂದು ಜರಿ ಅಂಚಿನದು. ಕಣ್ಣು ಕೆಂಪಾಗಿತ್ತು. ಬಚ್ಚಲ ಒಲೆಯ ಹೊಗೆ ಇರಬೇಕು. ಏನೋ ಹೇಳಿದಳು. ಕೈ ಮುಂದೆ ಚಾಚಿ ಮತ್ತೆ ಹೇಳಿದಳು. ಹುಬ್ಬು ಮೇಲೂ ಇರಲಿಲ್ಲ, ಗಂಟೂ ಇಕ್ಕಿರಲಿಲ್ಲ.

ಯಾವ ಮಾಸ್ಕು ಹಾಕಿಕೊಳ್ಳಲಿ ಎಂದು ಕೇಳುತ್ತಿದ್ದಾಳೆ! ಇಷ್ಟು ದಿನಕ್ಕೆ ಗಂಡನ ಅಭಿಪ್ರಾಯ ಬೇಕಾಯಿತಲ್ಲ ಎಂದು ಮೇಷ್ಟ್ರಿಗೆ ಒಳಗೊಳಗೇ ಖುಷಿಯಾಯಿತು.

"ಒಳ್ಳೇದಾಯ್ತು ಬಿಡು," ಎಂದರು. "ಆ ಜರಿದೇ ಹಾಕ್ಕೊ. ಲಕ್ಷಣವಾಗಿದೆ. ಹೋಗಿ ಬಾ."

ನೀಲಾಂಬಿಕೆ ಅವರನ್ನು ನೋಡಿದಳು. ನೋಡಿದಳು ಎಂದರೆ, ಅಷ್ಟು ಹೊತ್ತು ಆಕೆ ಅವರನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಆಮೇಲೆ ಜರಿಯದನ್ನು ಬೆಂಚಿನ ಮೇಲೆ ಎಸೆದು, ಮುಖದ್ದನ್ನು ಬಿಚ್ಚಿ ಬಿಳಿಯದನ್ನು ಹಾಕಿಕೊಂಡು, ಹಿಂದೆ ತಿರುಗದೆ ಆಟೋ ಹತ್ತಿ ಹೋದಳು. ಸಂಜೆ ಬಂದವಳು ತಲೆಗೆ ಸ್ನಾನ ಮಾಡಿ ಮಲಗಿದಳು. ಮಂಗಳವಾರ ಮಾತಿಲ್ಲ. ಬುಧವಾರ ಮಾತಿಲ್ಲ, ತಟ್ಟೆಯನ್ನು ನೆಲಕ್ಕೆ ಕುಕ್ಕಿದ್ದು ಮಾತ್ರ ಅವರಿಗೂ ಕೇಳಿಸಿತು.

"ಕೇಳಿದ್ದಕ್ಕೆ ಹೇಳಿದ್ರೂ ತಪ್ಪು!" ಎಂದು ಮೇಷ್ಟ್ರು ಕುದಿದರು. ಇಂಥ ಹೊತ್ತಿನಲ್ಲಿ ಅವರಿಗೆ ಇದ್ದದ್ದು ಒಬ್ಬನೇ ದಿಕ್ಕು. ಕಡಹಿನಬೈಲಿನ ಸೋಮನಾಥ. ಒಂದೇ ಬೆಂಚಿನಲ್ಲಿ ಕೂತು ಓದಿದವನು, ಒಂದೇ ವಾಲಿಬಾಲ್ ಟೀಮಿನಲ್ಲಿ ಆಡಿದವನು, ಹಾಲಿನ ಡೈರಿಯ ಕಾರ್ಯದರ್ಶಿಯಾಗಿ ನಿವೃತ್ತಿಯಾದವನು. ಅವನ ಮಾತು ಮಾತ್ರ ಒಂದಕ್ಷರ ಬಿಡದೆ ಅವರಿಗೆ ತಿಳಿಯುತ್ತಿತ್ತು. ಗುರುವಾರ ಬೆಳಿಗ್ಗೆ ಮೊಪೆಡ್ ಹತ್ತಿ ಹೊರಟೇಬಿಟ್ಟರು.

ಸೋಮನಾಥನ ಮನೆಯ ಬಾಗಿಲಲ್ಲಿ ಏಳೆಂಟು ಜೊತೆ ಚಪ್ಪಲಿ. ಒಳಗೆ ಹೆಂಗಸರ ಗುಂಪು, ಎಲ್ಲರ ಮುಖಕ್ಕೂ ಮಾಸ್ಕು. ಅಯ್ಯೋ ಶಿವನೇ, ಇಲ್ಲೂ ಇದೇ ವ್ಯಾಪಾರವೇ ಎಂದು ಮೇಷ್ಟ್ರು ಹೊಸ್ತಿಲಲ್ಲೇ ನಿಂತರು. ಸರಿಯಾಗಿ ನೋಡಿದರೆ ಎಲ್ಲವೂ ಸಾದಾ ಮಾಸ್ಕು, ಜರಿ ಇಲ್ಲ, ಹರಳಿಲ್ಲ. ಸಮಾಧಾನವಾಯಿತು. ಗೋಡೆಗೊರಗಿ ಕೂತಿದ್ದ ಸೋಮನಾಥನ ಹೆಂಡತಿ ಹೊನ್ನಕ್ಕನ ಎದುರು ಕುರ್ಚಿ ಎಳೆದುಕೊಂಡು ಕೂತರು.

"ಹೊನ್ನಕ್ಕ, ಭೇಷ್!" ಎಂದರು. "ಮಾಸ್ಕು ಅಂದ್ರೆ ಹೀಗಿರ್ಬೇಕು. ನಮ್ಮನೆಯವಳಿಗೆ ಸ್ವಲ್ಪ ಬುದ್ಧಿ ಹೇಳಿ ಮಾರಾಯ್ರೆ. ಹದಿನೇಳು ಇಟ್ಕೊಂಡಿದ್ದಾಳೆ, ಹದಿನೇಳು! ಮೊನ್ನೆ ಸೋಮವಾರ ಎಲ್ಲಿಗೋ ಹೊರಟಳು, ಜರಿದು ಹಾಕ್ಕೊ ಅಂದೆ, ಅವತ್ತಿಂದ ಮಾತಿಲ್ಲ. ಎಲ್ಲಿ ನಮ್ಮ ಸೋಮ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊನ್ನಕ್ಕನ ಬಿಳಿ ಬಟ್ಟೆ ಸ್ವಲ್ಪವೇ ಅಲುಗಿತು. ಹುಬ್ಬು ಅಲುಗಲಿಲ್ಲ.

"ಒಳ್ಳೇದಾಯ್ತು ಬಿಡಿ," ಎಂದರು ಮೇಷ್ಟ್ರು. "ನಂಗೇನೂ ಅವಸರ ಇಲ್ಲ. ಅವನು ಬರೋವರೆಗೂ ಕೂತಿರ್ತೀನಿ."

ಒಬ್ಬಾಕೆ ಎದ್ದು ನಿಂತು ಕೈ ಬೀಸಿ ಏನೋ ಅಂದಳು. ಹೊನ್ನಕ್ಕ ಆಕೆಯನ್ನು ತಡೆದು, ಮೇಷ್ಟ್ರ ಕುರ್ಚಿಯ ಹತ್ತಿರ ಬಂದು ಕೂತು, ಮಾಸ್ಕನ್ನು ಪೂರ್ತಿ ತೆಗೆದಳು.

"ಮೇಷ್ಟ್ರೇ, ನನ್ನ ಬಾಯಿ ನೋಡಿ," ಎಂದಳು. "ಅವರು ಬರಲ್ಲ. ಸೋಮವಾರ ಬೆಳಗಿನ ಜಾವ ಎದೆ ಹಿಡ್ಕೊಂಡು ಕೂತವರು ಹೋಗೇಬಿಟ್ರು. ಅವತ್ತೇ ಮಧ್ಯಾಹ್ನ ಮಣ್ಣು ಮಾಡಿದ್ವಿ."

ಆ ತುಟಿಯ ಮೇಲೆ ಮೇಷ್ಟ್ರು ಒಂದಕ್ಷರವನ್ನೂ ತಪ್ಪಿ ಓದಲಿಲ್ಲ. ತಪ್ಪಿ ಓದಿರಬಾರದೇ ಎಂದು ಅವರಿಗೆ ಆಸೆಯಾಯಿತು.

"ನಿಮಗೆ ಜ್ವರ ಕಡಿಮೆ ಆಯ್ತಾ?" ಎಂದಳು ಹೊನ್ನಕ್ಕ. "ಕೆಂಡದಂಥ ಜ್ವರ, ಏಳೋಕಾಗಲ್ಲ, ಅದಕ್ಕೇ ಬಂದಿಲ್ಲ ಅಂತ ನೀಲಾಂಬಿಕೆ ಎಲ್ಲರ ಹತ್ರನೂ ಹೇಳಿದ್ರು."

ಮೇಷ್ಟ್ರು ಬಾಯಿ ತೆರೆದರು. ಮೂರರಲ್ಲಿ ಒಂದು ಜವಾಬೂ ಬರಲಿಲ್ಲ.

"ನಮ್ಮನೆಯವರಿಗೆ ಗೊತ್ತಿತ್ತು ಮೇಷ್ಟ್ರೇ. ಪರಮಶಿವಂಗೆ ಕಿವಿ ಹೋಗಿದೆ, ಯಾರಿಗೂ ಹೇಳ್ಬೇಡ, ಹೇಳಿದ್ರೆ ನೊಂದ್ಕೊಳ್ತಾನೆ, ಎದುರಿಗೆ ಕೂತು ಮೆಲ್ಲಗೆ ಮಾತಾಡಿದ್ರೆ ಆಯ್ತು ಅಂತಿದ್ರು."

ಪರಮಶಿವಯ್ಯನವರು ಅತ್ತರು. ಸಿಟ್ಟಾಗಿ ಬೈಯಬೇಕೆಂದಿದ್ದ ಹೆಂಗಸರು ಕೂಡ ಅವರು ಅತ್ತ ರೀತಿಗೆ ಸೆರಗು ಕಣ್ಣಿಗೊತ್ತಿಕೊಂಡರು. ಗೆಳೆಯ ಸತ್ತ ಮೂರು ದಿನದ ಮೇಲೆ ಅವನ ಮನೆಯಲ್ಲಿ ಕೂತು ಒಳ್ಳೆಯದಾಯಿತು ಎಂದ ಮನುಷ್ಯ ಈ ಭೂಮಿಯ ಮೇಲೆ ತಾನೊಬ್ಬನೇ ಎಂದು ಅವರಿಗೆ ಅನಿಸಿತು. ಬಹುಶಃ ಅದು ನಿಜವೂ ಹೌದು.

ಮನೆಗೆ ಬರುವಾಗ ಸಂಜೆ ಆಗುತ್ತಾ ಬಂದಿತ್ತು. ನೀಲಾಂಬಿಕೆ, ಬೀದಿಯ ಹೆಂಗಸರು ಸೇರುವ ಅಕ್ಕನ ಬಳಗದ ಭಜನೆಗೆ ಹೊರಟು, ಕಂದು ಸೀರೆಗೆ ಕಂದು ಮಾಸ್ಕು ಹಾಕಿ ಬಾಗಿಲಲ್ಲಿ ನಿಂತಿದ್ದಳು. ಮೇಷ್ಟ್ರು ಮೊಪೆಡ್ಡಿಗೆ ಸ್ಟ್ಯಾಂಡ್ ಕೂಡ ಹಾಕದೆ ಗೋಡೆಗೆ ಒರಗಿಸಿ, ಹೆಂಡತಿಯ ಹತ್ತಿರ ಹೋದರು. ಅತ್ತಿತ್ತ ನೋಡಿ, ಆಕೆಯ ಕಿವಿಯ ಬಳಿ ಬಾಗಿ, ಗುಟ್ಟು ಹೇಳುವಂತೆ ಹೇಳಿದರು.

"ನೀಲಾ, ನಂಗೆ ಕಿವಿ ಕೇಳಲ್ಲ. ಆರು ವರ್ಷ ಆಯ್ತು. ಸೋಮವಾರ ನೀನು ಹೇಳಿದ್ದು ಒಂದೂ ನಂಗೆ ಗೊತ್ತಾಗ್ಲಿಲ್ಲ. ಸೋಮ ಹೋದ ಅಂತ ಗೊತ್ತಾಗ್ಲಿಲ್ಲ ಕಣೇ."

ನೀಲಾಂಬಿಕೆ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದಳು. ಕಂದು ಬಟ್ಟೆ ತುಂಬಾ ಹೊತ್ತು ಆಡಿತು.

"ಏನಂದೆ?" ಎಂದರು ಮೇಷ್ಟ್ರು. ಆರು ವರ್ಷದಲ್ಲಿ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. "ಅದನ್ನ ತೆಗೆದು ಹೇಳು. ಕಾಣಲ್ಲ."

ಆಕೆ ತೆಗೆದಳು. ಆ ಮುಖವನ್ನು ಪೂರ್ತಿಯಾಗಿ, ಹತ್ತಿರದಿಂದ, ಹಗಲು ಬೆಳಕಿನಲ್ಲಿ ನೋಡಿ ಎಷ್ಟು ತಿಂಗಳಾಗಿತ್ತು! ಬಾಯಿಯ ಎರಡೂ ಕಡೆ ಹೊಸ ಗೆರೆ ಬಿದ್ದಿತ್ತು.

"ನಾನು ಏನು ಹೇಳಿದ್ರೂ ನೋಡುವ, ನೋಡುವ ಅಂತಿದ್ರಿ. ಈ ಮನುಷ್ಯನಿಗೆ ನನ್ನ ಮಾತೇ ಬೇಡವಾಗಿದೆ ಅಂದ್ಕೊಂಡೆ. ಬಾಯಿ ಮುಚ್ಚಿದ್ರೂ ಒಂದೇ, ತೆರೆದ್ರೂ ಒಂದೇ ಅಂತ ತಾನೇ ನಾನು ಮನೆಯೊಳಗೂ ಅದನ್ನ ತೆಗೆಯೋದನ್ನೇ ಬಿಟ್ಟಿದ್ದು! ಮೊದಲೇ ಬಾಯಿ ಬಿಟ್ಟು ಹೇಳೋಕೆ ನಿಮಗೆ ಏನಾಗಿತ್ತು ರೀ?"

"ನಾಚಿಕೆ ಆಗ್ತಿತ್ತು," ಎಂದರು ಮೇಷ್ಟ್ರು. "ಈಗ ಹೇಳಿದ್ನಲ್ಲ. ಯಾರಿಗೂ ಹೇಳ್ಬೇಡ. ನಿನ್ನಲ್ಲೇ ಇರ್ಲಿ."

"ಇನ್ಯಾರಿಗೆ ಹೇಳೋದು ಬಾಕಿ ಇದೆ?" ಎಂದಳು ನೀಲಾಂಬಿಕೆ. "ನೀವು ಗುಟ್ಟಲ್ಲಿ ಹೇಳಿದ್ದು ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿರ್ಬೇಕು. ತಿರುಗಿ ನೋಡಿ."

ಮೇಷ್ಟ್ರು ತಿರುಗಿದರು. ಪಕ್ಕದ ಮನೆಯ ವನಜಮ್ಮ, ಎದುರು ಮನೆಯ ಅತ್ತೆ ಸೊಸೆ, ಭಜನೆಗೆಂದು ಕರೆಯಲು ಬಂದ ಅಕ್ಕನ ಬಳಗದ ನಾಲ್ವರು, ಎಲ್ಲರೂ ಬೀದಿಯಲ್ಲಿ ಸಾಲಾಗಿ ನಿಂತಿದ್ದರು. ಎಲ್ಲರೂ ಒಟ್ಟಿಗೆ ಏನೋ ಹೇಳುತ್ತಿದ್ದರು. ಹಸಿರು, ಹಳದಿ, ನೇರಳೆ ಬಟ್ಟೆಗಳು ಮೇಲೆ ಕೆಳಗೆ ಆಡುತ್ತಿದ್ದವು.

"ಏನಂತಿದ್ದಾರೆ?" ಎಂದು ಅವರು ಹೆಂಡತಿಯನ್ನು ಕೇಳಿದರು.

"ಅಯ್ಯೋ ಪಾಪ ಅಂತಿದ್ದಾರೆ," ಎಂದಳು ನೀಲಾಂಬಿಕೆ.

ಅದು ಸುಳ್ಳೆಂದು, ನಗು ತಡೆದುಕೊಂಡಿದ್ದ ಆಕೆಯ ತುಟಿಯ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು.