ನಮ್ಮಕಿ ಗ್ರನಾಡಾ ನೋಡಿ ಬಂದದ್ದು

ನಮ್ಮಕಿ, ಅಂದ್ರ ನನ್ನ ಹೇಣ್ತಿ ಜೋಡಿ ಎಲ್ಲಿಗೇ ಹೋಗ್ರಿ, ಏನರೆ ಒಂದ ಆಗೂದ ಆಗೂದು. ತಿಕೋಟಾ ಸಂತಿಗೆ ಹೋದ್ರೂ ಅಷ್ಟ, ಸಮುದ್ರದಾಚಿ ಸ್ಪೇನ್ ದೇಶಕ್ಕ ಹೋದ್ರೂ ಅಷ್ಟ.

ಎಪ್ಪತ್ತರ ದಶಕದ ಮಾತಿದು. ನಾ ವಿಜಾಪುರದ ಒಂದ ಸಾಲ್ಯಾಗ ಡ್ರಾಯಿಂಗ್ ಮಾಸ್ತರ. ನಮ್ಮಕಿ ತಮ್ಮ ಸ್ಪೇನಿನ ಗ್ರನಾಡಾ ಅನ್ನೋ ಊರಾಗ ಇಂಗ್ಲಿಷ್ ಕಲಸ್ತಿದ್ದ. ಬ್ಯಾಸಗಿ ಸೂಟಿಗೆ ಬರ್ರಿ ಅಂತ ಇಬ್ಬರಿಗೂ ವಿಮಾನದ ಟಿಕೀಟ ಕಳಿಸಿದ. ನನಗ ಅಲ್ಲಿಯ ಕಟ್ಟಡ, ಚಿತ್ರ ನೋಡೂ ಹುಚ್ಚು. ನಮ್ಮಕಿ ತಲ್ಯಾಗ ಇದ್ದದ್ದ ಬ್ಯಾರೆ. ತಮ್ಮಗ ಮೂವತ್ತೈದ ದಾಟಿದ್ರೂ ಲಗ್ನ ಆಗಿದ್ದಿಲ್ಲ. ಬಬಲೇಶ್ವರದಾಗ ಒಂದ ಕನ್ಯಾ ನೋಡಿ, "ಹುಡುಗನ ಬಾಯಿಂದ ಹೂಂ ಅನಿಸೇ ಬರ್ತೀನ್ರಿ" ಅಂತ ಅವರಿಗೆ ಮಾತ ಕೊಟ್ಟ ವಿಮಾನ ಹತ್ತಿದ್ಲು.

೧. ತಂಬೂರಿ ಅಂಗಡಿ

ನಮಗ ಊರ ತೋರಸಾಕ ತಮ್ಮನ ಕಾಲೇಜಿನ ಟೀಚರ್ ಒಬ್ಬಾಕಿ ಬಂದ್ಲು. ಅಲ್ಲಿಯಾಕಿನ, ನಗಮಾರಿ ಹುಡುಗಿ. ಎಲ್ಲಾರೂ ಕೂಡಿ ಊಟಕ್ಕ ಹೊಂಟಿದ್ವಿ. ಒಂದ ಅಂಗಡ್ಯಾಗ ಮಾಳಗಿಗೆ ಸಾಲಾಗಿ ಏನೋ ತೂಗಹಾಕಿದ್ರು. ಬುಡ ದಪ್ಪ, ತುದಿ ಸಣ್ಣ, ಮೈಯೆಲ್ಲಾ ಎಣ್ಣಿ ಹಚ್ಚಿದಂಗ ಮಿಂಚತಿತ್ತು.

"ಅಯ್ಯ, ತಂಬೂರಿ ನೋಡ್ರಿ! ನಮ್ಮ ಭಜನಿ ಮಂದಿಗೆ ಒಂದ ಒಯ್ಯೂಣು" ಅಂದ್ಲು ನಮ್ಮಕಿ.

"ಚಲೋ ಕಟ್ಟಿಗಿ ಕಾಣ್ತೈತಿ" ಅಂತ ನಾನೂ ಶಾಣ್ಯಾತನ ಮಾಡಿದೆ.

ಸೀದಾ ಒಳಗ ಹೋಗಿ ಒಂದರ ಬುಡಕ್ಕ ಬಾರಿಸಿ ನೋಡಿದ್ಲು. ದನಿ ಬರಲಿಲ್ಲ. ತಂತಿ ಎಲ್ಲಿ ಅಂತ ಹುಡುಕ್ಯಾಡಿದ್ಲು. ಅಂಗಡ್ಯಾಂವ ಭಾಳ ಖುಷಿಲೆ ಚೂರಿ ತಗೊಂಡ, ತಂಬೂರಿದ ಒಂದ ತೆಳ್ಳನ ಹೋಳ ಕೊಯ್ದ, ತಿನ್ರಿ ಅಂತ ಮುಂದ ಹಿಡದ.

ತಮ್ಮ ಓಡಿ ಬಂದ. "ಅಕ್ಕಾ, ಮುಟ್ಟಬ್ಯಾಡ! ಅದು ಒಣಗಿಸಿದ ಹಂದಿ ತೊಡಿ!"

ಯವ್ವಾ, ಕೈ ತೊಳಕೊಂಡಿದ್ದೇ ತೊಳಕೊಂಡಿದ್ದು! ಮಧ್ಯಾಹ್ನ ಬರೇ ಬ್ರೆಡ್ಡು, ಟೊಮೆಟೊ ತಿಂದ ತಮ್ಮನ ಮಾರಿ ನೋಡಿದ್ಲು. "ತಂಬೂರಿ ಕೊಯ್ದ ತಿನ್ನೂ ಊರಾಗ ಒಬ್ಬನ ಹೆಂಗ ಇರ್ತೀಯೋ? ಸುಮ್ನ ಬಬಲೇಶ್ವರದಾಕಿಗೆ ಹೂಂ ಅನ್ನು!"

೨. ನೆಲದ ಮ್ಯಾಲಿನ ದೇವರು

ಮರುದಿನ ಚೌಕದಾಗ ಒಬ್ಬಾಂವ ಬಣ್ಣದ ಚಾಕ್‌ಪೀಸಿನ ಖಡುಲೆ ನೆಲದ ಮ್ಯಾಲೆ ತಾಯಿ-ಕೂಸಿನ ಚಿತ್ರ ಬರ್ಯಾಕತ್ತಿದ್ದ. ಏನ ಕೈ ಅಂತೀರಿ! ಸಾಲ್ಯಾಗ ನಾ ಇಷ್ಟ ವರ್ಷ ಬರೇ ಮಾವಿನಹಣ್ಣ ಬರಸಿದ್ದ ನೆನಪಾಗಿ ನಾಚಿಕಿ ಬಂತು. ಅದು ಮೇರಿ ತಾಯಿ ಅಂತ ಗೊತ್ತಾದ ಕೂಡ್ಲೆ ನಮ್ಮಕಿ ಚಪ್ಪಲಿ ಬಿಟ್ಟ ಕೈ ಮುಗದ್ಲು. ಅಷ್ಟರಾಗ ಯಾವನೋ ಅದರ ಅಂಚ ತುಳದ ಹೋದ.

"ಏ ಯಪ್ಪಾ, ಕಣ್ಣ ನೆತ್ತಿ ಮ್ಯಾಲೆ ಅದಾವೇನು? ದೇವರ ಮ್ಯಾಲೆ ಕಾಲಿಡ್ತಿ?"

ಸೆರಗ ಬಿಗದ ಕಾವಲ ನಿಂತೇ ಬಿಟ್ಲು. ಟೀಚರೂ ಚಪ್ಪಲಿ ಬಿಟ್ಟ ಬಾಜೂಕ ನಿಂತ್ಲು. ನಮ್ಮಕಿ ಕನ್ನಡದಾಗ ಬೈಯೂದು, ಆಕಿ ತನ್ನ ಭಾಷಾದಾಗ ಬೈಯೂದು. ಮಂದಿ ಇದೂ ಒಂದ ಆಟ ಅಂತ ತಿಳದ ಚಪ್ಪಾಳಿ ಹೊಡದ್ರು. ಸಂಜಿಕ ಆ ಚಿತ್ರದಾಂವ ಎದ್ದ, ಬಕೀಟ ನೀರ ತಂದ, ತನ್ನ ಚಿತ್ರದ ಮ್ಯಾಲೆ ತಾನ ಸುರುವಿದ. ನಮ್ಮಕಿ ಹೌಹಾರಿದ್ಲು.

"ನಾಳಿ ಹೊಸಾದ ಬರೀತಾನಕ್ಕಾ, ದಿನಾ ಹಿಂಗ" ಅಂದ ತಮ್ಮ.

"ರಂಗೋಲಿ ಅನ್ನ ಮತ್ತ! ನಿಂತ ನಿಂತ ನನ್ನ ಕಾಲ ಬಿದ್ದುವು. ಅಂದಂಗ, ನಿನ್ನ ಮನಿ ಮುಂದ ರಂಗೋಲಿ ಹಾಕಾಕ ಯಾರ ಅದಾರಲೇ?"

ತಮ್ಮ ಒಮ್ಮೆ ಟೀಚರ್ ಕಡೆ ನೋಡಿದ, ಒಮ್ಮೆ ನೆಲ ನೋಡಿದ.

೩. ಅರಮನಿ ಗ್ವಾಡಿ

ಕಡೀ ದಿನ ಟೀಚರ್ ಜೋಡಿ ಅಲ್ಹಾಂಬ್ರಾ ಅರಮನಿಗೆ ಹೋದ್ವಿ. ಆ ಕಮಾನು, ಆ ಕೆತ್ತನಿ ನೋಡಿ ನಮ್ಮ ವಿಜಾಪುರದ ಇಬ್ರಾಹಿಂ ರೋಜಾ ಗೋರಿ ನೆನಪಾಗಿ ನನಗ ಕಣ್ಣೀರ ಬಂತು. ನಮ್ಮಕಿಗೆ ಅದ್ಯಾವುದೂ ಕಾಣವಲ್ದು.

"ನಾಳಿ ವಿಮಾನ ಐತ್ರಿ. ಇವತ್ತ ಹೂಂ ಅನಿಸಲಿಲ್ಲ ಅಂದ್ರ ಬಬಲೇಶ್ವರದವರಿಗೆ ಏನ ಮಾರಿ ತೋರಸ್ಲಿ?"

ಒಂದ ಸಣ್ಣ ಕೋಣಿಗೆ ಬಂದ್ವಿ. ಮ್ಯಾಲೆ ಗುಮ್ಮಟದಂಗ ಬಾಗಿದ ಮಾಳಗಿ. ನಮ್ಮಕಿ ಅದನ್ನ ನೋಡಿದ್ದ ತಡ, ಟೀಚರ್ ಕೈ ಹಿಡದ ಆಚಿ ಮೂಲಿಗೆ ಕರಕೊಂಡ ಹೋಗಿ ಆಕಿ ಕಿವಿ ಗ್ವಾಡಿಗೆ ಹಚ್ಚಿಸಿದ್ಲು, ತಾನೂ ಹಚ್ಚಿದ್ಲು. ಗೋಳಗುಮ್ಮಟದ ಊರಿನಾಕಿ, ಇಂಥಾ ಮಾಳಗಿ ಕಂಡ್ರ ಬಿಡ್ತಾಳೇನು?

ಈಚಿ ಮೂಲ್ಯಾಗ ನಮಗ ಅದರ ಖಬರ ಇಲ್ಲ. ತಮ್ಮ ನನ್ನ ತೋಳ ಹಿಡದ, ಗ್ವಾಡಿ ಕಡೆ ಮಾರಿ ಮಾಡಿ ಪಿಸುಗುಟ್ಟಿದ.

"ಮಾಮಾ, ನನ್ನ ಮನಸ ಈ ಟೀಚರ್ ಮ್ಯಾಲೆ ಐತ್ರಿ. ಆಕಿಗೇ ಇನ್ನೂ ಹೇಳಿಲ್ಲ. ಅಕ್ಕಗ ಹೆಂಗ ಹೇಳ್ಲಿ? ಕೊಂದ ಹಾಕ್ತಾಳ."

ನಾ ಬಾಯಿ ತೆರಿಯೂದರಾಗ ಗ್ವಾಡಿನ ಮಾತಾಡ್ತು, ಕಿವ್ಯಾಗ ಬಾಯಿ ಇಟ್ಟಂಗ.

"ಲೇ ಮಳ್ಳಾ!"

ದನಿ ನಮ್ಮಕಿದು! ಗೋಳಗುಮ್ಮಟದಾಗ ಗ್ವಾಡಿಗೆ ಕಿವಿ ಹಚ್ಚಿ, ಆಚಿ ಕಡೆ ಪಿಸುಮಾತ ಈಚಿ ಕೇಳಿ ಬೆಳದ ಗಂಡಸರು ನಾವು, ನಮಗ ಇಷ್ಟೂ ತಿಳೀಬಾರದ?

ಗ್ವಾಡಿ ಇನ್ನೂ ಮುಗಿಸಿರಲಿಲ್ಲ.

"ಬಬಲೇಶ್ವರದವರಿಗೆ ನಾ ಹೇಳ್ಕೋತೀನಿ. ನನಗಂತೂ ಕೇಳಿಸ್ತು. ಆಕಿನೂ ಕಿವಿ ಹಚ್ಚಿ ನಿಂತಾಳ, ಪಾಪ, ಒಂದೂ ತಿಳದಿಲ್ಲ. ಹೂಂ, ಈಗ ಆಕಿ ಭಾಷಾದಾಗ ಇನ್ನೊಮ್ಮೆ ಹೇಳು!"