ಮೂಗಿನೊಳಗೆ ಮಲಗಿದ ಶೇಂಗಾ

ಮಕ್ಕಳನ್ನು ಹೇಗೆ ಸಾಕಬೇಕೆಂದು ಊರಿಗೆಲ್ಲ ಹೇಳಿಕೊಂಡು ತಿರುಗುವವನು ನಾನು. ಮೂರು ಮಕ್ಕಳ ತಂದೆ, ಮಾತಿಗೆ ತೂಕವಿರುತ್ತದಲ್ಲ! ಆ ಮೂವರನ್ನೂ ಬೆಳೆಸಿದವಳು ನನ್ನ ಹೆಂಡತಿ ಗಂಗವ್ವ. ನಾನು ಆ ಹೊತ್ತಿನಲ್ಲಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಸೀರೆ ನೇಯುತ್ತಿದ್ದೆ. ಉಪದೇಶ ಮಾಡುವಾಗ ಈ ಒಂದು ಸಣ್ಣ ಸಂಗತಿಯನ್ನು ಮಾತ್ರ ಬಿಟ್ಟುಬಿಡುತ್ತೇನೆ.

ನಮ್ಮ ಮೊಮ್ಮಗಳಿಗೆ ಅನ್ನಪೂರ್ಣ ಎಂದು ಹೆಸರಿಟ್ಟವನೂ ನಾನೇ. ಈಗ ಅವಳಿಗೆ ಮೂರು ವರ್ಷ. ಹೆಸರಿಗೆ ತಕ್ಕಂತೆ ಎಲ್ಲರಿಗೂ ಅನ್ನ ಹಾಕುತ್ತಾಳೆ: ಒಂದು ತುತ್ತು ಕೋಳಿಗೆ, ಒಂದು ಆಡಿಗೆ, ಉಳಿದದ್ದು ನನ್ನ ಅಂಗಿಗೆ. ತಾನು ಮಾತ್ರ ಬಾಯಿ ತೆರೆಯುವುದಿಲ್ಲ. ಹೋದ ತಿಂಗಳು ಅಂಗನವಾಡಿಯಲ್ಲಿ ಅವಳನ್ನು ತೂಗಿದ ಅಕ್ಕಾರು, "ತೂಕ ಸ್ವಲ್ಪ ಕಮ್ಮಿ ಐತ್ರಿ. ಅಂಜಬ್ಯಾಡ್ರಿ. ಊಟದ ನಡುನಡುವ ಸ್ವಲ್ಪ ಸ್ವಲ್ಪ ಏನರ ತಿನಸ್ರಿ. ಚಾ ಅಂತೂ ಕೊಡಾಕ ಹೋಗಬ್ಯಾಡ್ರಿ" ಎಂದರು. ಗಂಗವ್ವ ತಿರುಗಿ ನನ್ನನ್ನು ನೋಡಿದಳು. ದಿನಾ ಮುಂಜಾನೆ ಬಸಿಯಲ್ಲಿ ಚಹಾ ಹಾಕಿ, ಅದರಲ್ಲಿ ಬಿಸ್ಕೀಟು ಅದ್ದಿ ಕೂಸಿಗೆ ತಿನ್ನಿಸುವವನು ಯಾರೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ.

ಮೊಮ್ಮಗಳ ತೂಕ ಕಡಿಮೆ ಎಂದದ್ದು, ನಾನು ನೇಯ್ದ ಸೀರೆಯ ಅಂಚು ಡೊಂಕು ಎಂದಷ್ಟೇ ಅವಮಾನವಾಯಿತು ನನಗೆ. ಚಹಾ ಬಿಡಿಸಿದೆ. "ಶೇಂಗಾದಾಗ ಇರೂ ತಾಕತ್ತು ಮತ್ಯಾವುದರಾಗೂ ಇಲ್ಲ" ಎಂದು ಘೋಷಿಸಿ, ಹುರಿದ ಶೇಂಗಾ ಒಂದು ಬಟ್ಟಲ ತುಂಬ ಅವಳ ಮುಂದಿಟ್ಟೆ. ಅಂದು ಮಗ, ಸೊಸೆ ನರೇಗಲ್ಲಿಗೆ ಮದುವೆಗೆ ಹೋಗಿದ್ದರು. ಗಂಗವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಮಗ್ಗದಲ್ಲಿ, ಕೂಸು ನನ್ನ ಪಕ್ಕದಲ್ಲಿ. ಲಾಳಿ ಅತ್ತಿತ್ತ ಓಡುತ್ತಿತ್ತು, ಬಟ್ಟಲು ಖಾಲಿಯಾಗುತ್ತಿತ್ತು. ನನಗೆ ಪರಮಾನಂದ.

"ಅಜ್ಜಾ, ಶೇಂಗಾ ಮಕ್ಕೊಂಡೈತಿ."

"ಎಲ್ಲಿ ಮಕ್ಕೊಂಡೈತವ್ವಾ?"

ಅವಳು ಮೂಗು ತೋರಿಸಿದಳು.

ಕುಣಿಯಿಂದ ಹೇಗೆ ಮೇಲೆ ಬಂದೆನೋ ಗೊತ್ತಿಲ್ಲ. ತಲೆ ಎತ್ತಿಸಿ ನೋಡಿದರೆ, ಹೊಳ್ಳೆಯ ಮೇಲ್ಭಾಗದಲ್ಲಿ ಅದು ನಿಜಕ್ಕೂ ಹಾಯಾಗಿ ಮಲಗಿತ್ತು. ಆ ಹೊತ್ತಿಗೆ ನನ್ನ ಬುದ್ಧಿಗೆ ಹೊಳೆದದ್ದು ನಶ್ಯದ ಡಬ್ಬಿ. ಒಂದು ಚಿಟಿಕೆ ಏರಿಸಿದರೆ ಸೀನು, ಸೀನಿದರೆ ಶೇಂಗಾ ಹೊರಗೆ, ಎಂಥ ಲೆಕ್ಕಾಚಾರ! ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ, ಗದ್ದಲ ಕೇಳಿ ಹಿತ್ತಲಿಂದ ಓಡಿಬಂದ ಗಂಗವ್ವ ಒದ್ದೆ ಕೈಯಲ್ಲೇ ಅದನ್ನು ಕಸಿದು ಅಂಗಳಕ್ಕೆ ಎಸೆದಳು. "ಒಳಗ ಎಳಕೊಂಡ್ರ ಏನ್ ಮಾಡ್ತೀರಿ? ಮೂಗಿಗೆ ಬೆರಳ ಹಚ್ಚಬ್ಯಾಡ್ರಿ. ಲಗೂ ದವಾಖಾನಿಗೆ ನಡೀರಿ!"

ಆಟೋದಲ್ಲಿ ಕೂಸು ನನ್ನ ತೊಡೆಯ ಮೇಲೆ ಕುಳಿತು ದಾರಿಬದಿಯ ಆಡುಗಳನ್ನು ಎಣಿಸುತ್ತಿತ್ತು. ನಾನು ಅವಳ ಉಸಿರನ್ನು ಎಣಿಸುತ್ತಿದ್ದೆ. ಒಂದು ಉಸಿರು ತಡವಾದಂತೆ ಕಂಡರೂ ನನ್ನದು ನಿಂತುಬಿಡುತ್ತಿತ್ತು. ಅಷ್ಟು ದೇವರಿಗೆ ನಾನು ಯಾವತ್ತೂ ಒಟ್ಟಿಗೆ ಕೈಮುಗಿದಿರಲಿಲ್ಲ. ಬರಿಗಾಲಲ್ಲಿ ಬಂದಿದ್ದೇನೆಂದು ತಿಳಿದದ್ದೂ ದವಾಖಾನೆಯ ಮೆಟ್ಟಿಲ ಮೇಲೇ.

ಡಾಕ್ಟರಮ್ಮ ಬ್ಯಾಟರಿ ಬೆಳಕು ಬಿಟ್ಟು ನೋಡಿ, ಸಣ್ಣ ಸಲಾಕಿಯಿಂದ ಕ್ಷಣದಲ್ಲಿ ಶೇಂಗಾ ತೆಗೆದರು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಇನ್ನೊಂದು ಹೊಳ್ಳೆಗೂ ಬೆಳಕು ಹಾಯಿಸಿ, "ಇಲ್ಲೂ ಒಂದೈತಲ್ರೀ!" ಎಂದರು.

"ಅದು ಇದರ ಗೆಳತಿ," ಎಂದಳು ಅನ್ನಪೂರ್ಣ.

ಡಾಕ್ಟರಮ್ಮ ನಕ್ಕರು. ಗೆಳತಿಯನ್ನೂ ಹೊರಗೆ ತೆಗೆದ ಮೇಲೆ ನಗು ನಿಲ್ಲಿಸಿದರು. "ಶೇಂಗಾ ಯಾರು ಕೊಟ್ಟಿದ್ರು?" ನಾನು ಗೋಡೆಯ ಮೇಲಿನ ಲಸಿಕೆ ಪಟವನ್ನು ಬಹಳ ಶ್ರದ್ಧೆಯಿಂದ ಓದತೊಡಗಿದೆ. ಕೂಸಿನ ಬೆರಳು ನೇರ ನನ್ನ ಕಡೆ ಬಂತು. "ಅಜ್ಜಾರ, ಮೂಗಿನ್ಯಾಗ ಹೋಗಿದ್ದು ನಿಮ್ಮ ಪುಣ್ಯಾ. ಉಸಿರಿನ ನಾಳಕ್ಕ ಇಳಿದಿದ್ರ ಇಷ್ಟೊತ್ತಿಗೆ ಏನಾಗ್ತಿತ್ತೋ. ಐದು ವರ್ಷ ಆಗೂತನಕ ಇಡೀ ಶೇಂಗಾ ಕೊಡಬಾರ್ದು. ಸಣ್ಣಗ ಪುಡಿ ಮಾಡಿ ಅನ್ನಕ್ಕೋ ರೊಟ್ಟಿಗೋ ಹಚ್ಚಿ ಕೊಡ್ರಿ. ತಿನ್ನೂ ಮುಂದ ಯಾರರ ಎದುರಿಗೆ ಕುಂತಿರಬೇಕು."

"ನಾನು ಕುಂತಿದ್ನಲ್ರೀ..."

"ಕೂಸಿನ ಕಡೆ ನೋಡ್ಕೋತ ಕುಂದ್ರಬೇಕ್ರಿ," ಎಂದಳು ಗಂಗವ್ವ.

ಈಗ ಶೇಂಗಾ ಪುಡಿ ಮಾಡುವ ಕೆಲಸ ನನ್ನದು. ಬಿಸಿ ರೊಟ್ಟಿ ಹಾಲಿನಲ್ಲಿ ಕಿವುಚಿ, ಪುಡಿ, ಬೆಲ್ಲ ಬೆರೆಸಿಕೊಟ್ಟರೆ ಅನ್ನಪೂರ್ಣ ಅರ್ಧ ಬಟ್ಟಲಾದರೂ ಮುಗಿಸುತ್ತಾಳೆ. ಈ ಸಲ ತೂಗಿದಾಗ ಅಂಗನವಾಡಿ ಅಕ್ಕಾರು, "ಚಲೋ ಏರೇತ್ರಿ" ಎಂದರು. ಸೊಸೆ ಮಾತ್ರ ಹೊರಗೆ ಹೋಗುವಾಗೆಲ್ಲ ಮಗಳನ್ನು ಕರೆದು, "ಅಜ್ಜನ ಮ್ಯಾಲೆ ಕಣ್ಣಿಟ್ಟಿರವ್ವಾ" ಎಂದು ಹೇಳಿ ಹೋಗುತ್ತಾಳೆ. ಕೂಸು ಅದನ್ನು ಖರೆ ಎಂದೇ ತಿಳಿದಿದೆ. ನಾನು ಏನಾದರೂ ಬಾಯಿಗೆ ಹಾಕಿಕೊಂಡರೆ ಸಾಕು, ನನ್ನ ಗದ್ದ ಹಿಡಿದು, "ಮೂಗು ತೋರ್ಸು" ಎನ್ನುತ್ತಾಳೆ. ಲಾಳಿ ನಿಲ್ಲಿಸಿ ತಲೆ ಎತ್ತುತ್ತೇನೆ. ಒಂದು ಹೊಳ್ಳೆ ನೋಡಿದ ಮೇಲೆ ಇನ್ನೊಂದನ್ನೂ ತೋರಿಸಬೇಕು. ಎರಡೂ ಖಾಲಿ ಎಂದು ಖಾತ್ರಿಯಾದ ಮೇಲಷ್ಟೇ ನನಗೆ ಅಗಿಯಲು ಅಪ್ಪಣೆ.