ಗುಲಾಬಿ ಕುಂಡಕ್ಕೆ ಕೊಟ್ಟ ಅರ್ಥಿಂಗ್

ಗ್ರಾಹಕ ಸಂತೋಷ ವಿಭಾಗದ ಮುಖ್ಯಸ್ಥರಿಗೆ,
ನಮ್ಮ ತಾರಸಿಯ ಮೇಲೆ ಸೋಲಾರ್ ಕೂರಿಸಿದ ಕಂಪನಿ (ಈ ತಿಂಗಳು ಅದಕ್ಕೆ ಯಾವ ಹೆಸರಿದೆಯೋ ಆ ಹೆಸರಿನಲ್ಲಿ)

ಮಾನ್ಯರೇ,

ಸೂರ್ಯನನ್ನು ಮನೆಮನೆಗೆ ತಲುಪಿಸುವ ಹೊಣೆ ಹೊತ್ತಿರುವ ತಮಗೆ, ಅದೇ ಸೂರ್ಯನ ಬಿಸಿಲಲ್ಲಿ ಊರವರ ಬಟ್ಟೆ ಒಣಗಿಸಿ ಹೊಟ್ಟೆ ಹೊರೆಯುವ ಲಾಂಡ್ರಿಯೊಂದರ ಒಡತಿಯ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದೇ ನಂಬಿದ್ದೇನೆ, ಏಕೆಂದರೆ ತಮ್ಮ ಫೋನಿನಲ್ಲಿ ಕಾಯಿಸುವಾಗ ಕೇಳಿಸುವ ಕೊಳಲಿನ ನಾದ ಕಷ್ಟದಲ್ಲಿರುವವರು ಆರಿಸುವಂಥದ್ದಲ್ಲ. ಈ ಪತ್ರವನ್ನು ಖಾಸಗಿಯಾಗಿಯೇ ಬರೆಯಬೇಕೆಂದಿದ್ದೆ. ಆದರೆ ತಮ್ಮ ವಿಳಾಸಕ್ಕೆ ಕಳಿಸಿದ್ದೆಲ್ಲ 'ಇಲ್ಲಿ ಇಲ್ಲ' ಎಂಬ ಷರಾ ಹೊತ್ತು ತವರಿಗೆ ಮರಳಿದ್ದರಿಂದ, ಊರಿಗೆಲ್ಲ ಓದಲು ಕೊಟ್ಟರೆ ಯಾರಾದರೂ ತಮಗೂ ಓದಿ ಹೇಳಿಯಾರು ಎಂಬ ಆಸೆಯಿಂದ ಹೀಗೆ ಬಹಿರಂಗವಾಗಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ಮೊದಲು ಹೊಗಳಬೇಕಾದ್ದನ್ನು ಹೊಗಳಿಬಿಡುತ್ತೇನೆ. ನಮ್ಮದು ಮೂರಂತಸ್ತಿನ ಹಳೆಯ ಕಟ್ಟಡ. ಕೆಳಗೆ ಒಗೆಯುವ ಯಂತ್ರಗಳು, ನಡುವೆ ಇಸ್ತ್ರಿ ಮೇಜು, ಮೇಲೆ ಅಮ್ಮ, ತಂಗಿ ಮತ್ತು ನಾನು, ನಮ್ಮೆಲ್ಲರ ತಲೆಯ ಮೇಲೆ ಬಟ್ಟೆ ಒಣಗಿಸುವ ತಾರಸಿ. ಆ ತಾರಸಿಗೆ ತಮ್ಮ ಮಾರಾಟ ಪ್ರತಿನಿಧಿ ಬಂದು ನಿಂತು, ಬಿಸಿಲನ್ನು ತಾನೇ ತಯಾರಿಸಿ ತಂದವನಂತೆ ಕೈಚಾಚಿ ತೋರಿಸಿ, ಇನ್ನು ಕರೆಂಟಿನ ಚಿಂತೆ ಬಿಡಿ, ಇಪ್ಪತ್ತೈದು ವರ್ಷ ನಾವು ನಿಮ್ಮ ಜೊತೆಗಿರುತ್ತೇವೆ ಎಂದು ಮಾತು ಕೊಟ್ಟಾಗ ನಮ್ಮಮ್ಮನ ಕಣ್ಣು ಒದ್ದೆಯಾಗಿತ್ತು. ನಮ್ಮಪ್ಪ ಮದುವೆಯಲ್ಲೂ ಅಷ್ಟು ಗಟ್ಟಿಯಾಗಿ ಮಾತು ಕೊಟ್ಟಿರಲಿಲ್ಲವಂತೆ. ಬಟ್ಟೆಯ ತಂತಿ ಕಟ್ಟಲು ಜಾಗವೆಲ್ಲಿ ಉಳಿಯಿತು ಎಂದು ತಂಗಿ ಕೇಳಿದ್ದಕ್ಕೆ, "ಪ್ಯಾನೆಲ್ ಸ್ಟ್ಯಾಂಡಿಗೇ ಕಟ್ಟಿ ಮೇಡಂ, ಆನೆ ಕಟ್ಟಿದ್ರೂ ಅಲ್ಲಾಡಲ್ಲ" ಎಂದರು ಆ ಪ್ರತಿನಿಧಿ. ಹಾಗೆಯೇ ಕಟ್ಟಿದೆವು. ನಿಜ ಹೇಳಬೇಕೆಂದರೆ ಸ್ಟ್ಯಾಂಡು ಇವತ್ತಿಗೂ ಅಲ್ಲಾಡಿಲ್ಲ. ಅಲ್ಲಾಡಿದ್ದು ನನ್ನ ತಂಗಿ.

ತಮ್ಮ ಸುರಕ್ಷತಾ ಮಾನದಂಡಗಳ ಬಗ್ಗೆ ಯಾರೂ ಬೆರಳು ತೋರಿಸುವಂತಿಲ್ಲ. ತಪಾಸಣೆಗೆಂದು ತಾವು ಕಳಿಸಿದ ಅಧಿಕಾರಿಗಳು ಎಷ್ಟು ಸೂಕ್ಷ್ಮದೃಷ್ಟಿಯವರೆಂದರೆ, ಮೆಟ್ಟಿಲು ಹತ್ತುವ ಅಗತ್ಯವೇ ಬೀಳದೆ, ಎದುರಿನ ಫುಟ್‌ಪಾತಿನಲ್ಲಿ ನಿಂತು, ಹುಬ್ಬಿಗೆ ಕೈ ಅಡ್ಡ ಹಿಡಿದು, "ಹಾಂ, ಕಾಣಿಸ್ತಿದೆ, ಚೆನ್ನಾಗಿದೆ" ಎಂದು ತೀರ್ಪು ಕೊಟ್ಟರು. ಆಮೇಲೆ ನಮ್ಮ ಬಾಗಿಲಿಗೆ 'ಎಲ್ಲಾ ಸುರಕ್ಷತಾ ಮಾನದಂಡಗಳನ್ನು ಪೂರೈಸಿದೆ' ಎಂಬ ಹಸಿರು ಸ್ಟಿಕರ್ ಅಂಟಿಸಿದರು. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಭದ್ರವಾಗಿ ಕೂತಿರುವುದು ಆ ಸ್ಟಿಕರೇ. ಅದನ್ನು ಕೀಳಲು ನಾನು ಚಾಕು, ಬಿಸಿನೀರು, ಸೀಮೆಎಣ್ಣೆ ಎಲ್ಲವನ್ನೂ ಬಳಸಿ ಸೋತಿದ್ದೇನೆ.

ಇನ್ನು ದೂರಿನ ವಿಷಯ. ನಮ್ಮ ಮನೆಯಲ್ಲಿ ಅದು ಮೊದಲು 'ಚುರುಚುರು' ಎಂದು ಆರಂಭವಾಯಿತು. ಒದ್ದೆ ಚಾದರ ಹರವುವಾಗ ತಂತಿ ಕೈಗೆ ಚುರುಗುಟ್ಟುತ್ತದೆ ಎಂದು ತಂಗಿ ಹೇಳಿದಾಗ, ಹೊತ್ತಿಗೆ ಸರಿಯಾಗಿ ಉಂಡರೆ ಎಲ್ಲವೂ ಸರಿಹೋಗುತ್ತದೆ ಎಂದು ಅಮ್ಮ ಚಿಕಿತ್ಸೆ ಸೂಚಿಸಿದರು. ಕೆಲವು ದಿನ ಕಳೆದ ಮೇಲೆ ಅವಳು ಮೆಟ್ಟಿಲ ಮೇಲಿಂದಲೇ ಕೂಗಿ, "ಅಕ್ಕಾ, ಈಗ ಜುಮ್ ಅಂತಿದೆ ಕಣೇ" ಎಂದಳು. ನಾನು ಕೂಡಲೇ ತಮಗೆ ಫೋನು ಮಾಡಿದೆ. ತಮ್ಮ ಮಧುರಕಂಠದ ಸಿಬ್ಬಂದಿ ಎರರ್ ಕೋಡ್ ಏನು ಬರುತ್ತಿದೆ ಎಂದು ಕೇಳಿದರು. ಜುಮ್ ಅಂತ ಬರುತ್ತಿದೆ ಎಂದೆ. "ಅದು ನಮ್ಮ ಲಿಸ್ಟಲ್ಲಿ ಇಲ್ಲ ಮೇಡಂ" ಎಂದು ಅವರು ನಿಜವಾದ ಮರುಕದಿಂದ ಹೇಳಿ, ಒಮ್ಮೆ ಪೂರ್ತಿ ಆಫ್ ಮಾಡಿ ಆನ್ ಮಾಡಿ ನೋಡಲು ಸಲಹೆಯಿತ್ತರು. ಕೆಳಗಿನ ಸ್ವಿಚ್ ಆರಿಸಿದೆವು. ಮೇಲಿನ ಜುಮ್ ಹಾಗೆಯೇ ಇತ್ತು. ಬಿಸಿಲಿರುವಷ್ಟು ಹೊತ್ತು ಪ್ಯಾನೆಲ್ ತನ್ನ ಪಾಡಿಗೆ ಕರೆಂಟು ಹುಟ್ಟಿಸುತ್ತಲೇ ಇರುತ್ತದೆಂಬುದು ತಮ್ಮ ಸಿಬ್ಬಂದಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಇಬ್ಬರಲ್ಲಿ ಸಂಬಳ ಬರುತ್ತಿದ್ದದ್ದು ಮಾತ್ರ ಅವರಿಗೆ. ಆ ಸಂಜೆಯೇ 'ತಮ್ಮ ದೂರು ಪರಿಹಾರವಾಗಿದೆ, ಗ್ರಾಹಕರು ತೃಪ್ತರು, ದಯವಿಟ್ಟು ಐದು ನಕ್ಷತ್ರ ಕೊಡಿ' ಎಂಬ ಸಂದೇಶ ಬಂತು.

ಮೂರನೆಯ ಶಬ್ದ 'ಧೊಪ್'. ಅದು ನನ್ನ ತಂಗಿ ಬಿದ್ದದ್ದು.

ಆಸ್ಪತ್ರೆಯವರು ಒಗೆಯಲು ಕೊಟ್ಟ ದೊಡ್ಡ ಚಾದರವನ್ನು ತಂತಿಗೆ ಹಾಕುತ್ತಿದ್ದಳು. ಕೈ ಒದ್ದೆ, ಕಾಲು ಬರಿದು. ಒಗೆದ ಬಟ್ಟೆಗೆ ಮಣ್ಣಾಗಬಾರದೆಂದು ನಮ್ಮ ತಾರಸಿಗೆ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ. ಅಮ್ಮನ ಕಾಲದಿಂದಲೂ ನಡೆದು ಬಂದ ಕಟ್ಟಳೆ ಅದು, ತಮ್ಮ ಕೆಲಸಗಾರರೂ ಗೊಣಗುತ್ತಲೇ ಪಾಲಿಸಿದ್ದರು. ನಾನು ಓಡಿ ಹೋದಾಗ ಅವಳು ಅದೇ ಚಾದರ ಸುತ್ತಿಕೊಂಡು ಗೋಡೆಯ ಬುಡದಲ್ಲಿ ಬಿದ್ದಿದ್ದಳು, ಕಣ್ಣು ತೆರೆದೇ ಇತ್ತು, ನನ್ನ ಗುರುತು ಹತ್ತಲಿಲ್ಲ. ಮಾನ್ಯರೇ, ಈ ಸಾಲನ್ನು ಬರೆಯುವಾಗ ನನಗೆ ವಿನಯ ಉಳಿಯುವುದಿಲ್ಲ, ಕ್ಷಮಿಸಬೇಕು. ಒಂದು ಗಳಿಗೆ ಬಿಟ್ಟು ಮುಂದುವರಿಸುತ್ತೇನೆ.

ಬೀದಿಯ ಕೊನೆಯ ಎಲೆಕ್ಟ್ರಿಷಿಯನ್ ಬಂದು, ಪ್ಯಾನೆಲ್ಲಿನ ಕೇಬಲ್ಲೊಂದು ಸ್ಟ್ಯಾಂಡಿಗೆ ಉಜ್ಜಿ ಸಿಪ್ಪೆ ಸುಲಿದಿರುವುದನ್ನು ತೋರಿಸಿದರು. ಹೀಗಾದರೆ ಕಾಪಾಡಲೆಂದೇ ಅರ್ಥಿಂಗ್ ಎಂದು ಹಸಿರು ತಂತಿಯೊಂದನ್ನು ನೆಲದವರೆಗೆ ಇಳಿಸಿ ಹೂತಿರುತ್ತಾರೆ, ಅದೆಲ್ಲಿ ಎಂದು ಹುಡುಕುತ್ತಾ ಹೊರಟರು. ತಂತಿ ಸ್ಟ್ಯಾಂಡಿನಿಂದ ಹೊರಟು, ತಾರಸಿಯ ಅಂಚಿನಲ್ಲಿ ನೇರವಾಗಿ ಸಾಗಿ, ಅಮ್ಮನ ಗುಲಾಬಿ ಕುಂಡದೊಳಗೆ ಇಳಿದು ಮುಗಿಯಿತು. ಅವರು ನಗಲು ಶುರುಮಾಡಿದವರು, ಅಮ್ಮನ ಮುಖ ನೋಡಿ ನಿಲ್ಲಿಸಿದರು. ಅಮ್ಮನಿಗೆ ಆಗಲೇ ನೆನಪಾಗಿತ್ತು. ತಮ್ಮ ಕೆಲಸಗಾರ ಫೋನು ಕಿವಿಗಿಟ್ಟುಕೊಂಡೇ, "ಅಮ್ಮಾ, ಇಲ್ಲಿ ಮಣ್ಣು ಎಲ್ಲಿದೆ?" ಎಂದು ಕೇಳಿದ್ದ. ಅಮ್ಮ ಹೆಮ್ಮೆಯಿಂದ ತನ್ನ ಕುಂಡ ತೋರಿಸಿ, "ಇದಕ್ಕಿಂತ ಒಳ್ಳೆ ಮಣ್ಣು ಎಲ್ಲಪ್ಪಾ ಸಿಗುತ್ತೆ, ಗೊಬ್ಬರ ಹಾಕಿ ಹದ ಮಾಡಿದೀನಿ" ಎಂದಿದ್ದರು. ಅವನು ಫೋನಿನಲ್ಲಿ, "ಮಣ್ಣಿಗೆ ಕೊಟ್ಟೆ ಸಾರ್, ಫಸ್ಟ್ ಕ್ಲಾಸ್ ಮಣ್ಣು" ಎಂದು ವರದಿ ಒಪ್ಪಿಸಿದ್ದ. ಮೂರು ಮಹಡಿ ಇಳಿದು, ಚಪ್ಪಲಿ ಮೆಟ್ಟಿ, ಗುಂಡಿ ತೋಡುವ ತಾಪತ್ರಯ ಹೀಗೆ ತಪ್ಪಿತು. ಕರೆಂಟಿಗೆ ನೆಲ ಸೇರುವ ದಾರಿ ಬೇಕಿತ್ತು; ಕುಂಡದಲ್ಲಿ ದಾರಿ ಸಿಗದೆ ಅದು ನನ್ನ ತಂಗಿಯ ಮೈಯೊಳಗಿಂದ ಹೋಯಿತು.

ಕಣ್ಣಿಗೆ ಮಣ್ಣೆರಚುವವರನ್ನು ಕಂಡಿದ್ದೇನೆ, ಮಾಡಿದ್ದೆಲ್ಲ ಮಣ್ಣುಪಾಲಾದವರನ್ನೂ ಕಂಡಿದ್ದೇನೆ. ಆದರೆ ಮಣ್ಣಿನ ವಿಷಯದಲ್ಲೇ ಹೀಗೆ ಮಣ್ಣು ಮುಕ್ಕಿಸಿದ ಸಂಸ್ಥೆ ತಮ್ಮದೊಂದೇ ಎಂದು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳಬಲ್ಲೆ.

ಎಲೆಕ್ಟ್ರಿಷಿಯನ್ ಅಂದೇ ಸರಿಪಡಿಸಲು ಸಿದ್ಧರಿದ್ದರು. ಅಷ್ಟರಲ್ಲಿ ತಮ್ಮ ವಾರಂಟಿ ಕಾರ್ಡು ಅಡ್ಡ ಬಂತು: ಬೇರೆ ಯಾರು ಮುಟ್ಟಿದರೂ ವಾರಂಟಿ ರದ್ದು. ಒಂದು ಕಡೆ ಮುಟ್ಟಿದರೆ ಕರೆಂಟು, ಇನ್ನೊಂದು ಕಡೆ ಮುಟ್ಟಿದರೆ ತಮ್ಮ ಕರಾರು. ಅತ್ತ ದರಿ, ಇತ್ತ ಪುಲಿ. ಸರಿ, ವಾರಂಟಿ ಕೊಟ್ಟವರನ್ನೇ ಕರೆಯೋಣವೆಂದರೆ, ಆ ಹೆಸರಿನ ಕಂಪನಿ ಈಗಿಲ್ಲವೆಂದೂ, ಪ್ಯಾನೆಲ್ ಹೊಸ ಹೆಸರಿನವರದೆಂದೂ, ಸ್ಟ್ಯಾಂಡು ಇನ್ನೊಬ್ಬರದೆಂದೂ, ಕೂರಿಸಿದವರು ಗುತ್ತಿಗೆಯವರೆಂದೂ, ಹೊಣೆ ಯಾರದೆಂದು ಹೇಳಲು ಕಾಲಾವಕಾಶ ಬೇಕೆಂದೂ ತಮ್ಮ ಫೋನಿನವರಿಂದ ತಿಳಿಯಿತು. ಕಾರ್ಡಿನಲ್ಲಿದ್ದ ನಂಬರಿಗೆ ಫೋನು ಮಾಡಿದರೆ ಈಗ ಬೇಕರಿಯವರೊಬ್ಬರು ಎತ್ತುತ್ತಾರೆ. ನನ್ನ ಕಷ್ಟವನ್ನು ಪೂರ್ತಿಯಾಗಿ ಕೇಳಿಸಿಕೊಂಡವರು ಇಷ್ಟರವರೆಗೆ ಆ ಬೇಕರಿಯವರೊಬ್ಬರೇ. ಐದು ನಕ್ಷತ್ರ ಅವರಿಗೆ ಕೊಡಬಹುದೇ ಎಂಬುದನ್ನು ತಿಳಿಸಬೇಕು.

ತಂಗಿ ಬದುಕಿದ್ದಾಳೆ. ಬಲಗೈಯ ಬೆರಳುಗಳಿಗೆ ಮಾತ್ರ ಸ್ಪರ್ಶ ಮರಳಿಲ್ಲ. ಬಟ್ಟೆ ಮುಟ್ಟಿದೊಡನೆ ಹತ್ತಿಯೋ ರೇಷ್ಮೆಯೋ, ಎಷ್ಟು ಒಣಗಿದೆ, ಇಸ್ತ್ರಿಗೆ ಬಂದಿದೆಯೋ ಇಲ್ಲವೋ ಎಂದು ಹೇಳುತ್ತಿದ್ದವಳು ಈಗ ಮುಖ ತೊಳೆಯುವ ಮುನ್ನ, "ಅಕ್ಕಾ, ನೀರು ಬಿಸಿ ಇದೆಯಾ ನೋಡು" ಎಂದು ನನ್ನನ್ನು ಕರೆಯುತ್ತಾಳೆ. ವೈದ್ಯರೂ ತಮ್ಮಂತೆಯೇ ಕಾಲಾವಕಾಶ ಕೇಳಿದ್ದಾರೆ. ಅವರು ಅವಳ ಕೈ ಹಿಡಿದು ನೋಡಿ ಕೇಳಿದರು, ಅಷ್ಟೇ ವ್ಯತ್ಯಾಸ. ತಾರಸಿಗೆ ಬೀಗ ಹಾಕಿದ್ದೇನೆ. ಚಾದರಗಳು ಮೆಟ್ಟಿಲ ಕಂಬಿಯ ಮೇಲೆ ಒಣಗುತ್ತವೆ, ಅಂದರೆ ಒಣಗುವುದಿಲ್ಲ. ಅಮ್ಮ ಮೂಲೆ ಹಿಡಿದು ಕೂತಿದ್ದಾರೆ. "ಮಣ್ಣು ತೋರಿಸಿದ್ದು ನಾನೇ ಅಲ್ವೇನೇ" ಎಂಬುದೊಂದೇ ಮಾತು.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಬೇಡಿಕೆಗಳು. ಸೂರ್ಯನ ಸ್ವಿಚ್ ಎಲ್ಲಿದೆಯೆಂದು ತಿಳಿಸಿದರೆ ತಾವು ಬರುವವರೆಗೆ ಆರಿಸಿಡುತ್ತೇವೆ. ನೆರೆಹೊರೆಯವರನ್ನು ಒಪ್ಪಿಸುವ ಹೊಣೆ ನನ್ನದು. ತಂತಿಯನ್ನು ಭೂಮಿಗಿಳಿಸಲು ತಮಗೆ ಪುರುಸೊತ್ತಿಲ್ಲವಾದರೆ ಭೂಮಿಯನ್ನೇ ನಮ್ಮ ತಾರಸಿಗೆ ಹತ್ತಿಸಿಕೊಟ್ಟರೂ ಆದೀತು. ತಮ್ಮ ಎರರ್ ಪಟ್ಟಿಯಲ್ಲಿ ಚುರುಚುರು, ಜುಮ್, ಧೊಪ್ ಎಂಬ ಮೂರನ್ನು ಇದೇ ಕ್ರಮದಲ್ಲಿ ಸೇರಿಸಬೇಕು. ಎರಡನೆಯದು ಬಂದಾಗಲೇ ಯಾರನ್ನಾದರೂ ಕಳಿಸಬೇಕು. ಇಪ್ಪತ್ತೈದು ವರ್ಷ ಜೊತೆಗಿರುತ್ತೇವೆಂದ ತಾವು ಒಂದು ಮಧ್ಯಾಹ್ನ ಜೊತೆಗಿದ್ದರೆ ಸಾಕು, ಉಳಿದದ್ದನ್ನು ನಾವು ಮನ್ನಾ ಮಾಡುತ್ತೇವೆ.

ಇವು ಯಾವುವೂ ಆಗದಿದ್ದರೆ ಒಂದನ್ನಾದರೂ ನಡೆಸಿಕೊಡಿ. ತಮ್ಮ ಕಂಪನಿಯ ಯಾರಾದರೊಬ್ಬರು, ಯಾವ ಹೆಸರಿನಲ್ಲಾದರೂ ಸರಿ, ಫೋನು ಮಾಡಿ ನಮ್ಮಮ್ಮನಿಗೆ ಒಂದು ಮಾತು ಹೇಳಿ: ತಪ್ಪು ನಿಮ್ಮದಲ್ಲ, ಮಣ್ಣು ಯಾವುದು ಎಂದು ತಿಳಿದಿರಬೇಕಾದವರು ನಾವು. ಅದನ್ನು ನಾನು ದಿನವೂ ಹೇಳುತ್ತೇನೆ, ಮಗಳ ಮಾತನ್ನು ಅವರು ನಂಬುವುದಿಲ್ಲ.

ಇಷ್ಟಾದರೂ ತಮ್ಮ ವಿಶ್ವಾಸಿ,
ಲಾಂಡ್ರಿಯ ಒಡತಿ
(ತಮ್ಮ ದಾಖಲೆಗಳ ಪ್ರಕಾರ ತೃಪ್ತ ಗ್ರಾಹಕಿ)

ತಾ.ಕ.: ತಾವೇ ಖುದ್ದಾಗಿ ಪರಿಶೀಲಿಸಲು ಬರುವುದಾದರೆ ಬೀಗ ತೆಗೆದು ಕೊಡುತ್ತೇನೆ. ತಂತಿ ಕಟ್ಟಿದ ಹಾಗೆಯೇ ಇದೆ, ಬಿಸಿಲೂ ಚೆನ್ನಾಗಿದೆ, ಹರವಲು ಒಂದು ಒದ್ದೆ ಚಾದರವನ್ನೂ ಹಿಂಡಿ ಇಟ್ಟಿರುತ್ತೇನೆ. ನಮ್ಮ ಮನೆಯ ಕಟ್ಟಳೆ ತಮಗೆ ತಿಳಿದೇ ಇದೆ: ದಯವಿಟ್ಟು ಚಪ್ಪಲಿಯನ್ನು ಕೆಳಗೇ ಬಿಟ್ಟು ಬನ್ನಿ.